ಕೆಲಸ ಮಾಡಿಕೊಂಡೇ ಹಿಂದಿ ಬೀದಿ ನಾಟಕ ತಂಡ ಸೇರಬಹುದೇ? ಅಂಥ ನಾಟಕಗಳಿಂದ ಏನಾದರೂ ಆಗುತ್ತದೆಯೇ?

ಕೆಲಸಕ್ಕೆಂದು ದೆಹಲಿಗೆ ಬಂದು ಎಂಟು ತಿಂಗಳಾಗಿರುವ ತಾವು ಮಂಡಿ ಹೌಸ್ ಬಳಿ ಒಂದು ಹಿಂದಿ ಬೀದಿ ನಾಟಕ ನೋಡಿದ್ದಾಗಿಯೂ, ಅಂಥ ಹವ್ಯಾಸಿ ತಂಡವೊಂದನ್ನು ಸೇರುವ ಮನಸ್ಸಾಗಿದೆ ಎಂದೂ ಬರೆದಿದ್ದೀರಿ. ಹಿಂದಿ ಅಷ್ಟು ಸಲೀಸಲ್ಲ ಎಂಬ ಅಳುಕು ನಿಮ್ಮದು. ಇವರೆಲ್ಲ ಉಪದೇಶ ಮಾಡುತ್ತಾರೆಯೇ ಹೊರತು ಅದರಿಂದ ಏನೂ ಆಗುವುದಿಲ್ಲ ಎಂಬ ಮಾತು ನಿಮ್ಮ ಸ್ನೇಹಿತರದು. ದೆಹಲಿಯ ಇಂಥದೇ ಒಂದು ಸಣ್ಣ ತಂಡದಲ್ಲಿ ಹನ್ನೊಂದು ವರ್ಷ ಇದ್ದವನಾದ್ದರಿಂದ ಉತ್ತರಿಸುತ್ತಿದ್ದೇನೆ. ಸ್ನೇಹಿತರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ.

ನಾನು ತಂಡ ಸೇರಿದ ಎರಡನೆಯ ವರ್ಷ ಒಂದು ಸ್ವಯಂಸೇವಾ ಸಂಸ್ಥೆ ನಮಗೆ ಹಣ ಕೊಟ್ಟು, ನೀರು ಉಳಿಸಿ ಎಂಬ ವಿಷಯದ ಮೇಲೆ ನಾಟಕ ಆಡಿಸಿತು. ಹದಿನೈದು ಪ್ರದರ್ಶನಗಳ ಒಪ್ಪಂದ. ಆರನೆಯದೋ ಏಳನೆಯದೋ ಪ್ರದರ್ಶನ ದಕ್ಷಿಣ ದೆಹಲಿಯ ಅಂಚಿನ ಒಂದು ಅನಧಿಕೃತ ಕಾಲೊನಿಯಲ್ಲಿತ್ತು. ನಲ್ಲಿಯನ್ನು ತೆರೆದಿಟ್ಟು ಹಲ್ಲುಜ್ಜುವ ಗಂಡ, ಪೈಪು ಹಿಡಿದು ಕಾರು ತೊಳೆಯುವ ಮಗ, ಇವರಿಗೆ ಬುದ್ಧಿ ಹೇಳುವ ಅಜ್ಜಿ ನಮ್ಮ ನಾಟಕದ ಪಾತ್ರಗಳು. ಆಟ ಮುಗಿಸಿ ನಾವು ಸಾಲಾಗಿ ನಿಂತು ಘೋಷಣೆ ಕೂಗುತ್ತಿದ್ದಾಗ, ಖಾಲಿ ನೀಲಿ ಡ್ರಮ್ಮಿನ ಮೇಲೆ ಕುಳಿತು ನೋಡುತ್ತಿದ್ದ ಒಬ್ಬ ಹೆಂಗಸು ಎದ್ದು ನಿಂತು, 'ಕೌನ್‌ಸಾ ಪಾನೀ ಬಚಾಯೇಂ, ಭೈಯಾ?' ಎಂದು ಕೇಳಿದರು. ಯಾವ ನೀರನ್ನು ಉಳಿಸಲಿ ಎಂಬ ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ್ದರು. ಆ ಬೀದಿಗೆ ನಲ್ಲಿಯೇ ಇರಲಿಲ್ಲ. ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಅದೂ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ನಾವು ಯಾರೂ ಉತ್ತರ ಕೊಡಲಿಲ್ಲ. ದಫ್ಲಿ ಎಂಬ ಕೈತಮ್ಮಟೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆವು. ಉಳಿದ ಪ್ರದರ್ಶನಗಳನ್ನು ಆಡದೆ, ಅಷ್ಟರ ಹಣವನ್ನು ಹಿಂದಿರುಗಿಸಿದೆವು.

ಆದ್ದರಿಂದ ನಿಮ್ಮ ಸ್ನೇಹಿತರು ನೋಡಿರುವುದು ಇಂಥ ನಾಟಕಗಳನ್ನಾದರೆ ಅವರ ಮಾತಿಗೆ ನನ್ನಲ್ಲಿ ತಕರಾರಿಲ್ಲ. ಹೇಳಬೇಕಾದದ್ದನ್ನು ಬೇರೆಲ್ಲೋ ತೀರ್ಮಾನಿಸಿಕೊಂಡು ಬಂದು ಜನರ ಮುಂದೆ ಒಪ್ಪಿಸುವ ನಾಟಕ, ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ, ಬಟ್ಟೆಗೆ ಬದಲು ಮನುಷ್ಯರ ಮೇಲೆ ಬರೆದ ಬ್ಯಾನರ್ ಅಷ್ಟೆ. ಆದರೆ ಹಿಂದಿ ಬೀದಿ ನಾಟಕ ಹುಟ್ಟಿದ್ದು ಹಾಗಲ್ಲ.

ದೆಹಲಿಯ ಜನ ನಾಟ್ಯ ಮಂಚ ಎಂಬ ನಾಟಕ ತಂಡದ, ಎಲ್ಲರೂ ಕರೆಯುವಂತೆ 'ಜನಮ್'ನ, ಉದಾಹರಣೆಯನ್ನೇ ನೋಡಿ. 1973ರಲ್ಲಿ ಇದನ್ನು ಕಟ್ಟಿದವರು ಸಫ್ದರ್ ಹಾಶ್ಮಿ ಮತ್ತು ಅವರ ಗೆಳೆಯರು. ಮೊದಮೊದಲು ಇವರು ಆಡುತ್ತಿದ್ದದ್ದು ಬೀದಿ ನಾಟಕಗಳನ್ನಲ್ಲ. ಮೈದಾನಗಳಲ್ಲಿ ವೇದಿಕೆ ಕಟ್ಟಿ, ದೀಪ, ಧ್ವನಿವರ್ಧಕಗಳೊಂದಿಗೆ ಪೂರ್ಣಾವಧಿಯ ನಾಟಕಗಳನ್ನೇ ಆಡುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ ಇವರನ್ನು ಕರೆಸುತ್ತಿದ್ದ ಕಾರ್ಮಿಕ ಸಂಘಗಳ ಕೈ ಬರಿದಾಗಿತ್ತು, ಅಂಥ ಪ್ರದರ್ಶನದ ಖರ್ಚನ್ನು ಹೊರಲು ಯಾರಿಂದಲೂ ಆಗುತ್ತಿರಲಿಲ್ಲ. ಖರ್ಚಿಲ್ಲದ, ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ನಾಟಕವನ್ನು ಹುಡುಕುವುದು ಅವರಿಗೆ ಅನಿವಾರ್ಯವಾಯಿತು. 1978ರಲ್ಲಿ ಬಂದ 'ಮಶೀನ್' ಆ ಹುಡುಕಾಟದ ಫಲ.

ಆ ನಾಟಕಕ್ಕೆ ವಸ್ತುವಾದದ್ದು ದೆಹಲಿಯಂಚಿನ ಒಂದು ಕಾರ್ಖಾನೆಯಲ್ಲಿ ನಡೆದ ಘಟನೆ. ಕಾರ್ಮಿಕರು ಕೇಳಿದ್ದು ಎರಡೇ: ಸೈಕಲ್ಲುಗಳನ್ನು ನಿಲ್ಲಿಸಲು ಒಂದು ಸ್ಟ್ಯಾಂಡ್ ಮತ್ತು ಒಂದು ಕ್ಯಾಂಟೀನ್. ಅಷ್ಟಕ್ಕೆ ಹೋರಾಟ ಬೆಳೆದು, ಕಾವಲುಗಾರರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ನಾಟಕ ಹದಿಮೂರು ನಿಮಿಷದ್ದು. ನಟರು ತಮ್ಮ ಮೈಯಿಂದಲೇ ಒಂದು ಯಂತ್ರವನ್ನು ಕಟ್ಟುತ್ತಾರೆ; ಒಬ್ಬನ ಕೈ ಇನ್ನೊಬ್ಬನ ಭುಜಕ್ಕೆ ಹಲ್ಲುಚಕ್ರದಂತೆ ಕೂಡಿಕೊಂಡು, ಬಾಯಲ್ಲೇ ಸದ್ದು ಹೊರಡಿಸುತ್ತ ಎಲ್ಲರೂ ಒಂದೇ ಲಯದಲ್ಲಿ ಚಲಿಸುತ್ತಾರೆ. ಇದ್ದಕ್ಕಿದ್ದಂತೆ ಆ ಯಂತ್ರ ನಿಂತುಬಿಡುತ್ತದೆ, ಏಕೆ ನಿಂತಿತು ಎಂಬುದರಿಂದ ನಾಟಕ ಬಿಚ್ಚಿಕೊಳ್ಳುತ್ತದೆ. ನಾನು ಹೊಸಬರಿಗೆ ಈ ನಾಟಕವನ್ನು ಮತ್ತೆ ಮತ್ತೆ ನೆನಪಿಸುವುದು ಅದರ ರಾಜಕೀಯಕ್ಕಾಗಿ ಮಾತ್ರವಲ್ಲ. ಶೋಷಣೆ ಎಂಬ ದೊಡ್ಡ ಪದದಿಂದ ಆರಂಭಿಸದೆ, ಸೈಕಲ್ ಸ್ಟ್ಯಾಂಡ್ ಎಂಬಷ್ಟು ಸಣ್ಣ ಬೇಡಿಕೆಯನ್ನು ಹಿಡಿದು ನಾಟಕ ಕಟ್ಟಿದರಲ್ಲ, ಅದಕ್ಕಾಗಿ. ಕೆಲಸ ಮುಗಿಸಿ ಹೊರಬಂದಾಗ ಬಿಸಿಲಿಗೆ ಕಾದ ಸೈಕಲ್ ಸೀಟಿನ ಮೇಲೆ ಕೂತವನಿಗೆ ಅದು ತನ್ನ ನಾಟಕ ಎಂದು ಗುರುತಿಸಲು ಯಾರೂ ವಿವರಣೆ ಕೊಡಬೇಕಾಗಿರಲಿಲ್ಲ. 1979ರಲ್ಲಿ ದೆಹಲಿಯ ಸರ್ಕಾರಿ ಬಸ್ಸುಗಳ ಟಿಕೆಟ್ ದರ ಏರಿದಾಗಲೂ ಜನಮ್ ತಡಮಾಡದೆ ಅದನ್ನೇ ನಾಟಕ ಮಾಡಿಕೊಂಡು ಬೀದಿಗಿಳಿಯಿತು. ಅದೇ ವರ್ಷದ 'ಔರತ್' ಹೆಣ್ಣಿನ ದುಡಿಮೆಯ ಬಗೆಗಿನ ನಾಟಕವಾಗಿ ಹಲವು ಭಾರತೀಯ ಭಾಷೆಗಳಿಗೆ ಹೋಯಿತು.

ಈ ದಾರಿಗೆ ಬೆಲೆಯನ್ನೂ ತೆರಬೇಕಾಯಿತು, ಅದನ್ನು ಮುಚ್ಚಿಟ್ಟು ನಿಮ್ಮನ್ನು ತಂಡಕ್ಕೆ ಕರೆಯುವುದು ಸರಿಯಲ್ಲ. 1988ರ ನವೆಂಬರಿನಲ್ಲಿ ದೆಹಲಿ ಮತ್ತು ಸುತ್ತಲಿನ ಕೈಗಾರಿಕಾ ಪ್ರದೇಶಗಳ ಕಾರ್ಮಿಕರು ಕನಿಷ್ಠ ವೇತನವನ್ನು ತಿಂಗಳಿಗೆ 1050 ರೂಪಾಯಿಗೆ ಏರಿಸಬೇಕೆಂಬುದು ಸೇರಿದಂತೆ ಹಲವು ಬೇಡಿಕೆಗಳನ್ನಿಟ್ಟು ಏಳು ದಿನ ಮುಷ್ಕರ ಹೂಡಿದ್ದರು. ಮುಷ್ಕರಕ್ಕೆ ಮುನ್ನ ಆಡಿದ ನಾಟಕವನ್ನೇ ಜನಮ್ ಮುಷ್ಕರದ ನಂತರ ತಿದ್ದಿ 'ಹಲ್ಲಾ ಬೋಲ್' ಎಂದು ಹೆಸರಿಟ್ಟು, 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ಆಡುತ್ತಿದ್ದಾಗ ತಂಡದ ಮೇಲೆ ದಾಳಿ ನಡೆಯಿತು. ರಾಮ್ ಬಹಾದುರ್ ಎಂಬ ಕಾರ್ಮಿಕ ಗುಂಡೇಟಿಗೆ ಸತ್ತರು. ತಲೆಗೆ ಬಿದ್ದ ಪೆಟ್ಟುಗಳಿಂದ ಸಫ್ದರ್ ಮರುದಿನ ರಾತ್ರಿ ತೀರಿಕೊಂಡರು. ಅವರಿಗಾಗ 34 ವರ್ಷ. ಜನವರಿ 4ರಂದು, ಸಫ್ದರರ ಪತ್ನಿ ಮತ್ತು ತಂಡದ ನಟಿ ಮಲಯಶ್ರೀ ಹಾಶ್ಮಿಯವರು ಸಂಗಾತಿಗಳೊಂದಿಗೆ ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿ ಬಂದರು. ಈ ಕೊನೆಯ ಸಂಗತಿಯನ್ನು ನಾನು ಎಷ್ಟು ಸಲ ಹೇಳಿದ್ದರೂ ಪ್ರತಿಸಲವೂ ಗಂಟಲು ಕಟ್ಟುತ್ತದೆ. ಪತಿ ತೀರಿಕೊಂಡು ಎರಡು ದಿನವೂ ಆಗಿರದ ಹೆಣ್ಣುಮಗಳೊಬ್ಬಳು ಆಡಿ ಮುಗಿಸಿದ ಆ ಆಟವನ್ನು ಪ್ರಚಾರ ಎಂಬ ಒಂದೇ ಪದದಲ್ಲಿ ತಳ್ಳಿಹಾಕಲು ನನಗೆ ಸಾಧ್ಯವಿಲ್ಲ. ಹತ್ಯೆಯ ಪ್ರಕರಣದಲ್ಲಿ ಗಾಜಿಯಾಬಾದಿನ ನ್ಯಾಯಾಲಯ ಆರೋಪಿಗಳು ಅಪರಾಧಿಗಳೆಂದು ತೀರ್ಪು ಕೊಟ್ಟದ್ದು 2003ರಲ್ಲಿ, ಹದಿನಾಲ್ಕು ವರ್ಷಗಳ ಮೇಲೆ. ಸಫ್ದರರು ಹುಟ್ಟಿದ ಏಪ್ರಿಲ್ 12ನ್ನು ದೇಶದ ಅನೇಕ ತಂಡಗಳು ಬೀದಿ ನಾಟಕ ದಿನವೆಂದು ಆಚರಿಸುತ್ತವೆ.

ಇಷ್ಟು ಹೇಳಿ ನಮ್ಮ ಆ ಕಾಲೊನಿಗೆ ಹಿಂದಿರುಗುತ್ತೇನೆ. ಮೂರು ತಿಂಗಳು ಪ್ರತಿ ಭಾನುವಾರ ನಮ್ಮಲ್ಲಿ ಇಬ್ಬರು ಮೂವರು ಅಲ್ಲಿಗೆ ಹೋಗಿ ಸುಮ್ಮನೆ ಕುಳಿತು ಬಂದೆವು. ಟ್ಯಾಂಕರ್ ತಿರುವಿನಲ್ಲಿ ಕಾಣಿಸುತ್ತಿದ್ದಂತೆ ಹುಡುಗರು ಓಡುತ್ತಲೇ ಅದರ ಮೇಲೆ ಹತ್ತಿ ಬಾಯಿಯೊಳಗೆ ಪೈಪುಗಳನ್ನು ಇಳಿಬಿಡುತ್ತಿದ್ದರು; ಕೆಳಗೆ ಒಂದೊಂದು ಪೈಪಿನ ತುದಿಯನ್ನು ಒಬ್ಬೊಬ್ಬ ಹೆಂಗಸು ಹಿಡಿದು ನಿಲ್ಲುತ್ತಿದ್ದಳು. ಮನೆಯಲ್ಲಿ ಗಂಡಾಳು ಇಲ್ಲದವಳ ಪೈಪು ಕೊನೆಗೆ ಒಳಗಿಳಿಯುತ್ತಿತ್ತು, ಅಷ್ಟರಲ್ಲಿ ನೀರು ತಳ ಸೇರಿರುತ್ತಿತ್ತು. ಇದನ್ನೇ ನಾಟಕ ಮಾಡಿದೆವು. ನಾಲ್ವರು ಬೆನ್ನಿಗೆ ಬೆನ್ನು ಕೊಟ್ಟು ಟ್ಯಾಂಕರ್ ಆದರು, ಬಟ್ಟೆ ಒಣಹಾಕುವ ಹಗ್ಗಗಳೇ ಪೈಪುಗಳಾದವು. ಮೊದಲ ಪ್ರದರ್ಶನದ ನಡುವೆಯೇ ಹತ್ತು ವರ್ಷದ ಹುಡುಗನೊಬ್ಬ ವೃತ್ತದೊಳಗೆ ನುಗ್ಗಿ, ನಮ್ಮ ನಟಿಯ ಕೈಯಿಂದ ಹಗ್ಗ ಕಸಿದುಕೊಂಡು, ಪೈಪನ್ನು ಮೊದಲು ಬಾಯಲ್ಲಿ ಎಳೆಯಬೇಕು, ಆಮೇಲೆ ತಟ್ಟನೆ ಬಗ್ಗಿಸಬೇಕು, ಇಲ್ಲದಿದ್ದರೆ ನೀರು ಬರುವುದಿಲ್ಲ ಎಂದು ಮಾಡಿ ತೋರಿಸಿದ. ಎಳೆದವನು ಮೊದಲ ಗುಟುಕನ್ನು ನೆಲಕ್ಕೆ ಉಗಿಯುವುದನ್ನೂ ಅವನು ಬಿಡಲಿಲ್ಲ. ಅಂದಿನಿಂದ ಆ ಅಭಿನಯ ನಮ್ಮ ನಾಟಕದ ಭಾಗವಾಯಿತು. ನಾಟಕ ಮುಗಿದ ಮೇಲೆ, ಟ್ಯಾಂಕರ್ ಬರುವ ಹೊತ್ತು ತಿಳಿಯದ್ದರಿಂದ ನೀರಿಗೆ ಕಾಯಲೆಂದೇ ಮಗಳನ್ನು ವಾರಕ್ಕೆರಡು ದಿನ ಶಾಲೆ ಬಿಡಿಸುತ್ತಿರುವುದಾಗಿ ಒಬ್ಬ ತಾಯಿ ಹೇಳಿದರು. ತಮ್ಮ ಮನೆಯಲ್ಲೂ ಹಾಗೆಯೇ ಎಂದು ಇನ್ನಿಬ್ಬರು ದನಿಗೂಡಿಸಿದರು. ಅಲ್ಲಿಯೇ ಒಂದು ಅರ್ಜಿ ಸಿದ್ಧವಾಯಿತು. ನೀರು ಕೊಡಿ ಎಂದಲ್ಲ, ಟ್ಯಾಂಕರ್ ಬರುವ ಸಮಯವನ್ನು ಬರೆದು ಹಾಕಿ ಎಂದಷ್ಟೇ ಅವರು ಕೇಳಿದ್ದು.

ಸಮಯದ ಪಟ್ಟಿ ಬಂತು, ಕೆಲವು ತಿಂಗಳು ಅದರಂತೆ ನಡೆಯಿತು, ಬೇಸಿಗೆ ಬಂದಾಗ ಮತ್ತೆ ತಪ್ಪಿತು. ಆ ಹೆಂಗಸರು ಮತ್ತೆ ಹೋಗಿ ಕೇಳಿದರು. ಅದನ್ನು ನಾಟಕದ ಸಾಧನೆ ಎಂದು ನಾನು ಎಂದೂ ಹೇಳಿಕೊಂಡಿಲ್ಲ, ಹೋರಾಟ ಅವರದು. ಪ್ರತಿ ಮನೆಯವರೂ ತಮ್ಮೊಬ್ಬರ ಕಷ್ಟವೆಂದು ನುಂಗಿಕೊಂಡಿದ್ದ ಸಂಗತಿ ಅರವತ್ತು ಜನರ ನಡುವೆ ಗಟ್ಟಿಯಾಗಿ ಕೇಳಿಸುವಂತೆ ಮಾಡಿದ್ದು ಮಾತ್ರ ನಮ್ಮ ಪಾಲು. ಏನಾದರೂ ಆಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ, ಮತ್ತು ಅದು ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಈಗ ಹವ್ಯಾಸಿಯಾಗಿರುವುದರ ಬಗ್ಗೆ. ನಮ್ಮ ತಂಡದಲ್ಲಿ ಬ್ಯಾಂಕಿನವರು, ಶಾಲಾ ಶಿಕ್ಷಕಿ, ಇಬ್ಬರು ವಿದ್ಯಾರ್ಥಿಗಳು, ಒಬ್ಬ ಎಲೆಕ್ಟ್ರಿಷಿಯನ್ ಇದ್ದರು, ಯಾರಿಗೂ ಸಂಬಳವಿಲ್ಲ. ಜನಮ್‌ನಲ್ಲಿಯೂ ನಟರು ಅಭಿನಯಕ್ಕೆ ಹಣ ಪಡೆಯುವುದಿಲ್ಲ, ಆಟದ ಕೊನೆಗೆ ಚಾದರ ಹಿಡಿದು ಪ್ರೇಕ್ಷಕರಿಂದ ಸಂಗ್ರಹಿಸುವ ಪದ್ಧತಿ ಅವರದು. ನಾವೂ ಅದನ್ನೇ ಅನುಸರಿಸಿದೆವು. ಆ ಐದು, ಹತ್ತು ರೂಪಾಯಿಗಳ ಚಿಲ್ಲರೆ ಬಸ್ ಖರ್ಚಿಗೇ ಸಾಲುತ್ತಿರಲಿಲ್ಲ ಎಂಬುದು ನಿಜವಾದರೂ, ಸಂಸ್ಥೆಯೊಂದರ ಹಣ ಪಡೆದು ಆಡಿದ ಅನುಭವವಿದ್ದ ನಮಗೆ ಅದರ ಬೆಲೆ ಗೊತ್ತಿತ್ತು. ಪ್ರೇಕ್ಷಕರ ಹಣದಲ್ಲಿ ಆಡುವಾಗ ಪ್ರೇಕ್ಷಕರಿಗೆ ಮಾತ್ರ ಉತ್ತರ ಹೇಳಬೇಕು. ತಾಲೀಮು ವಾರದಲ್ಲಿ ಮೂರು ಸಂಜೆ, ಏಳರಿಂದ ಒಂಬತ್ತೂವರೆ. ಯಾವುದಾದರೂ ಉದ್ಯಾನದಲ್ಲಿ, ಮಳೆ ಬಂದರೆ ಫ್ಲೈಓವರ್ ಕೆಳಗೆ. ದೆಹಲಿಯ ಸಂಚಾರದಲ್ಲಿ ನೊಯ್ಡಾದಿಂದಲೂ ಗುರುಗ್ರಾಮದಿಂದಲೂ ಏಳಕ್ಕೆ ಎಲ್ಲರೂ ಸೇರುವುದು ಬಹಳ ಕಷ್ಟ, ತಂಡಗಳು ಒಡೆಯುವುದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಇದರಿಂದಲೇ. ಬರುತ್ತೇನೆಂದ ದಿನ ತಪ್ಪದೆ ಬರುವವನು ಒಳ್ಳೆಯ ನಟನಿಗಿಂತ ತಂಡಕ್ಕೆ ಮುಖ್ಯ. ನಿಮ್ಮ ಕೆಲಸ ಇದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಹಿಂದಿಯ ಅಳುಕಿನ ವಿಷಯ. ನನಗೂ ಕ್ರಿಯಾಪದದ ಲಿಂಗ ತಪ್ಪುತ್ತಿತ್ತು. ರೋಟಿ ಸ್ತ್ರೀಲಿಂಗ, ಪಾನಿ ಪುಲ್ಲಿಂಗ ಎಂಬುದು ಕನ್ನಡದ ಕಿವಿಗೆ ಸುಲಭವಾಗಿ ಕೂರುವುದಿಲ್ಲ. ಆದರೆ ನಾವು ಆಡುತ್ತಿದ್ದ ಬಸ್ತಿಗಳಲ್ಲಿ ಶುದ್ಧ ಹಿಂದಿಯ ಪ್ರೇಕ್ಷಕರು ಎಲ್ಲಿದ್ದರು? ಒಂದು ಓಣಿಯಲ್ಲಿ ಭೋಜಪುರಿ, ಮುಂದಿನದರಲ್ಲಿ ಮೈಥಿಲಿ, ಅದರಾಚೆ ಬುಂದೇಲಖಂಡದಿಂದ ಬಂದ ಕಟ್ಟಡ ಕಾರ್ಮಿಕರ ಮಾತು. ಅವರಿಗೂ ಹಿಂದಿ ಊರು ಬಿಟ್ಟು ಬಂದ ಮೇಲೆ ರೂಢಿಸಿಕೊಂಡ ಭಾಷೆಯೇ. ನನ್ನ ಉಚ್ಚಾರಣೆ ಕೇಳಿ ನೀನು ಎಲ್ಲಿಯವನು ಎಂದು ಕೇಳುತ್ತಿದ್ದರು, ಆ ಪ್ರಶ್ನೆಯಿಂದಲೇ ಎಷ್ಟೋ ಮಾತುಕತೆಗಳು ಆರಂಭವಾಗಿವೆ. ವ್ಯಾಕರಣಕ್ಕಿಂತ ನೀವು ಚಿಂತಿಸಬೇಕಾದದ್ದು ಧ್ವನಿಯ ಬಗ್ಗೆ. ಬಯಲಿನಲ್ಲಿ, ನಾಲ್ಕೂ ಕಡೆ ಪ್ರೇಕ್ಷಕರಿರುವ ವೃತ್ತದಲ್ಲಿ, ಒಂದು ಕಡೆಗೆ ಬೆನ್ನು ಮಾಡಿ ನಿಂತಾಗಲೂ ಆ ಕಡೆಯವರಿಗೆ ಮಾತು ಮುಟ್ಟಬೇಕು. ಗಂಟಲಿನಿಂದ ಕಿರುಚಿದರೆ ಮೂರನೆಯ ಆಟಕ್ಕೆ ಧ್ವನಿ ಹೋಗುತ್ತದೆ, ಹೊಟ್ಟೆಯಿಂದ ಉಸಿರೆತ್ತುವುದನ್ನು ಕಲಿಯಲು ಕೆಲವು ತಿಂಗಳೇ ಬೇಕು.

ಕನ್ನಡದವರಿಗೆ ಈ ರಂಗಭೂಮಿ ಪರಕೀಯವೂ ಅಲ್ಲ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಪ್ರಸನ್ನ ಮತ್ತು ಅವರ ಸಂಗಾತಿಗಳು 1975ರಲ್ಲಿ 'ಸಮುದಾಯ' ಎಂಬ ನಾಟಕ ತಂಡವನ್ನು ಕಟ್ಟಿದರು, 1979ರಲ್ಲಿ ಅದರ ಜಾಥಾ ಕರ್ನಾಟಕದ ಊರೂರು ಸುತ್ತಿತು. ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಸುಟ್ಟ ಘಟನೆಯನ್ನು ಸಿ.ಜಿ. ಕೃಷ್ಣಸ್ವಾಮಿಯವರು ಕನ್ನಡದ ಬೀದಿ ನಾಟಕವಾಗಿ ಆಡಿಸಿದರು. ಹಿಂದಿ ನಾಡಿನ ಒಂದು ಹಳ್ಳಿಯ ನೋವು ಕನ್ನಡದ ಬೀದಿಗಳಲ್ಲಿ ಕೇಳಿಸಿದ್ದರೆ, ಕನ್ನಡಿಗನೊಬ್ಬ ದೆಹಲಿಯ ಓಣಿಯಲ್ಲಿ ಹಿಂದಿಯಲ್ಲಿ ಆಡುವುದಕ್ಕೆ ಸಂಕೋಚವೇಕೆ?

ತಂಡವನ್ನು ಆರಿಸುವಾಗ ಅವರ ಒಂದೇ ನಾಟಕವನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ನೋಡಿ. ಎರಡು ಕಡೆಯೂ ಒಂದಕ್ಷರವೂ ಬದಲಾಗದಿದ್ದರೆ ಸ್ವಲ್ಪ ಯೋಚಿಸಿ. ಆಟ ಮುಗಿದ ಮೇಲೆ ನಟರು ಎಷ್ಟು ಹೊತ್ತು ಅಲ್ಲಿಯೇ ನಿಂತು ಜನರೊಂದಿಗೆ ಮಾತಾಡುತ್ತಾರೆ ಎಂಬುದನ್ನೂ ಗಮನಿಸಿ. ಪಶ್ಚಿಮ ದೆಹಲಿಯ ಶಾದಿಪುರದ ಬಳಿ ಜನಮ್ 2012ರಲ್ಲಿ ತೆರೆದ 'ಸ್ಟುಡಿಯೊ ಸಫ್ದರ್' ಇದೆ, ಪಕ್ಕದಲ್ಲೇ ಒಂದು ಪುಸ್ತಕದಂಗಡಿಯೂ ಇದೆ. ಅಲ್ಲಿಗೆ ಒಮ್ಮೆ ಹೋದರೆ ಬೇರೆ ತಂಡಗಳ ಸುಳಿವೂ ಸಿಕ್ಕೀತು. ಜನವರಿ 1ರಂದು ಬಿಡುವಿದ್ದರೆ ಝಂಡಾಪುರಕ್ಕೆ ಹೋಗಿ. ಪ್ರತಿ ವರ್ಷ ಆ ದಿನ ಜನಮ್ ಅಲ್ಲಿ ನಾಟಕ ಆಡುತ್ತದೆ. ಚಳಿ ಜೋರಾಗಿರುತ್ತದೆ, ಕಾರ್ಮಿಕರು ಶಾಲು ಹೊದ್ದು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿರುತ್ತಾರೆ. ನೀವು ನಟರನ್ನು ನೋಡುವಷ್ಟೇ ಹೊತ್ತು ಅವರ ಮುಖಗಳನ್ನೂ ನೋಡಿ ಬನ್ನಿ.