ಗುಪ್ತಚರ ಸಂಸ್ಥೆಗಳನ್ನೆಲ್ಲ ಒಂದಾಗಿಸಿದರೆ ಸಾಕೇ?

ಪ್ರಶ್ನೆ: ಐಬಿ (ಕೇಂದ್ರ ಗುಪ್ತಚರ ದಳ), ರಾ, ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ), ಎನ್‌ಟಿಆರ್‌ಒ... ಇಷ್ಟೊಂದು ಸಂಸ್ಥೆಗಳೇಕೆ? ಎಲ್ಲವನ್ನೂ ಒಂದೇ ಕಚೇರಿಗೆ ಸೇರಿಸಬಾರದೇ?
– ಓದುಗರು, ಮದ್ದೂರು

ಉತ್ತರ: ಬೇಡ. 1968ರವರೆಗೆ ಒಳನಾಡಿನ, ಹೊರದೇಶದ ಬೇಹುಗಾರಿಕೆ ಎರಡನ್ನೂ ಮುಖ್ಯವಾಗಿ ಐಬಿಯೇ ನೋಡುತ್ತಿತ್ತು. 1962 ಮತ್ತು 1965ರ ಯುದ್ಧಗಳಲ್ಲಿ ಅದು ಸಾಲದೆಂದು ಕಂಡಮೇಲೆ ಹೊರದೇಶದ ಕೆಲಸ ಬೇರೆಯಾಗಿ, ಆರ್.ಎನ್. ಕಾವ್ ಮುಂದಾಳತ್ವದಲ್ಲಿ ‘ರಾ’ ಹುಟ್ಟಿತು. ಇರುವುದು ಒಂದೇ ಕಚೇರಿಯಾದರೆ, ಅದರ ಅಂದಾಜು ತಪ್ಪಿದಾಗ ಅಲ್ಲಗಳೆಯಲು ಇನ್ನೊಬ್ಬರಿರುವುದಿಲ್ಲ.

ತೊಡಕಿರುವುದು ಮಾಹಿತಿ ಹಂಚಿಕೆಯಲ್ಲಿ. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ಸಂಸ್ಥೆಗಳ ನಡುವಿನ ಹೊಂದಾಣಿಕೆಯ ಕೊರತೆಯನ್ನು ಎತ್ತಿ ತೋರಿಸಿತು. ಸೇನೆಯ ಮೂರೂ ಪಡೆಗಳಿಗೆ 2002ರಲ್ಲಿ ಡಿಐಎ, ತಾಂತ್ರಿಕ ಬೇಹುಗಾರಿಕೆಗೆ 2004ರಲ್ಲಿ ಎನ್‌ಟಿಆರ್‌ಒ, ಸುಳಿವುಗಳನ್ನು ಒಂದೆಡೆ ಕೂಡಿಸಲು ಮ್ಯಾಕ್ ಬಂದವು. ಆದರೂ 2008ರಲ್ಲಿ ಮುಂಬೈಗೆ ಪೆಟ್ಟು ಬಿತ್ತು. ಸಮುದ್ರದ ದಾರಿ, ಹೋಟೆಲುಗಳ ಬಗ್ಗೆ ಸುಳಿವು ಚೂರುಚೂರಾಗಿ ಇದ್ದೇ ಇತ್ತು. ದಿನಾಂಕ, ಜಾಗ, ಯಾರು ಏನು ಮಾಡಬೇಕು ಎಂಬುದಿಲ್ಲದ ಎಚ್ಚರಿಕೆ ಪತ್ರ ಠಾಣೆಯ ಕಡತ ಸೇರುತ್ತದೆ, ಅಷ್ಟೇ. ಆಮೇಲೆ ಮ್ಯಾಕ್ ದಿನದ 24 ಗಂಟೆಯೂ ನಡೆಯುವಂತಾಯಿತು, ಹಂಚಿಕೆ ಕಡ್ಡಾಯವಾಯಿತು.

2012ರ ಎನ್‌ಸಿಟಿಸಿ (ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ) ಯೋಜನೆ ಬಿದ್ದುಹೋದದ್ದು ಬೇರೆ ಕಾರಣಕ್ಕೆ. ಅದನ್ನು ಐಬಿಯೊಳಗೆ ಇಟ್ಟು, ಬಂಧಿಸುವ ಅಧಿಕಾರವನ್ನೂ ಕೊಡಹೊರಟಿದ್ದರು. ಪೊಲೀಸ್ ವ್ಯವಸ್ಥೆ ರಾಜ್ಯಪಟ್ಟಿಯ ವಿಷಯವಾದ್ದರಿಂದ ಹಲವು ಮುಖ್ಯಮಂತ್ರಿಗಳು ಒಪ್ಪಲಿಲ್ಲ. ಅವರು ತಡೆದದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಗುಟ್ಟಾಗಿ ಸುಳಿವು ಹುಡುಕುವವರ ಕೈಗೆ ಬೇಡಿಯನ್ನೂ ಕೊಡಬಾರದು. ಐಬಿಗೆ ತನ್ನದೇ ಆದ ಕಾಯ್ದೆಯೂ ಇಲ್ಲ, ಸಂಸತ್ ಸಮಿತಿಯ ಕಣ್ಗಾವಲೂ ಇಲ್ಲ. ಬ್ರಿಟನ್ನಿನ ಒಳನಾಡು ಗುಪ್ತಚರ ಸಂಸ್ಥೆ ಎಂಐ5ಗೆ 1989ರಿಂದ ಕಾಯ್ದೆಯಿದೆ, 1994ರ ಕಾಯ್ದೆಯಿಂದ ಸಂಸದರ ಸಮಿತಿಯೂ ಬಂತು. ಪುನರ್‌ರಚನೆ ಶುರುವಾಗಬೇಕಾದದ್ದು ಇಂಥ ಕಾಯ್ದೆ, ಕಣ್ಗಾವಲಿನಿಂದ.

ಪ್ರಶ್ನೆ: ಭಯೋತ್ಪಾದನೆಯ ಪ್ರಕರಣ ದಾಖಲಾದ ಕೂಡಲೇ ಎನ್‌ಐಎ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ತಾನಾಗಿ ಬರುವುದಿಲ್ಲ. 2008ರ ಎನ್‌ಐಎ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಠಾಣಾಧಿಕಾರಿಯ ವರದಿ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಕೇಂದ್ರಕ್ಕೆ ಹೋಗುತ್ತದೆ. ಕೈಸೇರಿದ 15 ದಿನದೊಳಗೆ ಕೇಂದ್ರ ತೀರ್ಮಾನಿಸಬೇಕು. ವರದಿಗೆ ಕಾಯದೆ ತಾನೇ ಆದೇಶಿಸಲೂಬಹುದು. ಎನ್‌ಐಎ ವಹಿಸಿಕೊಳ್ಳುವ ತನಕ ತನಿಖೆ ಠಾಣೆಯದೇ ಹೊಣೆ. ಪ್ರಕರಣ ಸೋಲುವುದೂ ಇದೇ ಅವಧಿಯಲ್ಲಿ: ಮಹಜರು ಸಡಿಲವಾದರೆ, ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ತೆಗೆದಿಡದಿದ್ದರೆ ಮುಂದೆ ಬರುವವರ ಕೈಗೆ ಏನೂ ಸಿಗುವುದಿಲ್ಲ. 2016ರ ಆಗಸ್ಟ್ 1ರಂದು ನಿಮ್ಮೂರಿನ ನ್ಯಾಯಾಲಯದ ಆವರಣದಲ್ಲಿ ನಡೆದ ಸ್ಫೋಟಕ್ಕೆ ಚಿತ್ತೂರು, ಕೊಲ್ಲಂ ಸ್ಫೋಟಗಳ ನಂಟಿತ್ತು. ಮೂರು ರಾಜ್ಯಗಳ ಎಳೆಯನ್ನು ಒಂದೇ ಠಾಣೆ ಹಿಡಿಯಲಾರದು. ಎನ್‌ಐಎ ಬೇಕಾಗುವುದು ಇಂಥಲ್ಲೇ. 2021ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಪ್ರಶ್ನೆ: ಕೆಆರ್‌ಎಸ್ ಸುತ್ತ ಅನುಮಾನದ ಡ್ರೋನ್ ಕಂಡರೆ ಯಾರಿಗೆ ಹೇಳಬೇಕು?
– ಓದುಗರು, ಪಾಂಡವಪುರ

ಉತ್ತರ: 112ಕ್ಕೆ ಕರೆ ಮಾಡಿ. ಸಮಯ, ಹಾರಿಬಂದ ದಿಕ್ಕು, ಹತ್ತಿರ ನಿಂತ ವಾಹನದ ನಂಬರು ತಿಳಿಸಿ. ವಿಡಿಯೋವನ್ನು ಪೊಲೀಸರಿಗೆ ಕೊಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಹಾರಿಸಿದವನೂ ಅದನ್ನು ನೋಡುತ್ತಾನೆ.