ಒಂದೇ ದಿನ ಇದ್ದರೆ ನಸುಕಿನಲ್ಲೇ ಹೊರಡಿ
ಹೊಸ ಊರಲ್ಲಿ ಒಂದೇ ದಿನ ಇದೆ, ಮಾರ್ಕೆಟ್ಟೂ ನೋಡಬೇಕು, ಮಾಲ್‌ಗಳಲ್ಲಿ ಸಿಗದಂಥ ಪುಟ್ಟ ಅಂಗಡಿಗಳನ್ನೂ ಹುಡುಕಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಸಗಟು ಮಾರ್ಕೆಟ್‌ಗೆ ಹೋಗಿ, ಅದೂ ನಸುಕಿನಲ್ಲೇ. ಚಿಲ್ಲರೆ ವ್ಯಾಪಾರಿಗಳು ಅಂಗಡಿ ತೆರೆಯುವ ಮುಂಚೆ ಸರಕು ಒಯ್ಯಬೇಕಲ್ವಾ, ಹಾಗಾಗಿ ನಿಜವಾದ ಗದ್ದಲ ಆಗಲೇ.

ಪುಟ್ಟ ಅಂಗಡಿಗಳಿಗಾಗಿ ಮುಖ್ಯರಸ್ತೆಯಲ್ಲಿ ಸುಮ್ನೆ ಅಲೆಯಬೇಡಿ. ಅಲ್ಲಿ ಬಾಡಿಗೆ ಜಾಸ್ತಿ. ಪಕ್ಕದ ಓಣಿ, ಹಳೇ ಕಟ್ಟಡದ ಮಹಡಿ, ಮೆಟ್ಟಿಲ ಕೆಳಗಿನ ಜಾಗ, ಇಂಥ ಕಡೆ ಹುಡುಕಿ. ಹಳೇ ಪುಸ್ತಕದಂಗಡಿ ಸಿಕ್ಕರೆ ಮೊದಲ ಪುಟ ತಿರುಗಿಸಿ ನೋಡಿ. ಮಾಸಿದ ಶಾಯಿಯಲ್ಲಿ ಯಾರೋ ಯಾರಿಗೋ ಬರೆದ ಎರಡು ಸಾಲು ಇರಬಹುದು. ನಾನು ಅದಕ್ಕೋಸ್ಕರವೇ ಪುಸ್ತಕ ಕೊಂಡದ್ದುಂಟು. ಗಡಿಯಾರ ರಿಪೇರಿಯವರ ಮುಂದೆ ಐದು ನಿಮಿಷ ನಿಲ್ಲಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಎತ್ತಿ ಕೂರಿಸುವುದನ್ನು ನೋಡುವುದೇ ಖುಷಿ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಆಮೇಲೆ ‘ಇಂಥ ಅಂಗಡಿ ಇನ್ನೆಲ್ಲಿದೆ?’ ಅಂತ ಅವರನ್ನೇ ಕೇಳಿ. ಮ್ಯಾಪ್‌ನಲ್ಲಿ ಇಲ್ಲದ ಅಂಗಡಿಗಳು ನನಗೆ ಸಿಕ್ಕಿದ್ದೆಲ್ಲ ಹೀಗೇ.

ಹಾಂ, ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ.