ಮೈಸೂರಿನ ಮನೆಯಲ್ಲಿ ಸಮುದ್ರದ ಮೀನು: ಮೊದಲು ನೀರು, ಆಮೇಲೆ ಮೀನು

ಪ್ರಶ್ನೆ: ಸರ್, ಐದಾರು ವರ್ಷದಿಂದ ಗೋಲ್ಡ್‌ಫಿಶ್, ಏಂಜೆಲ್ ಸಾಕಿದ್ದೇವೆ. ಈಗ ಮಗಳಿಗೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ ಇರುವ ಕ್ಲೌನ್ ಮೀನೇ ಬೇಕಂತೆ. ಮನೆಯಲ್ಲಿ ಮೂರು ಅಡಿ ಟ್ಯಾಂಕ್ ಇದೆ. ಅದಕ್ಕೇ ಉಪ್ಪುನೀರು ತುಂಬಿ ಶುರು ಮಾಡಬಹುದಾ? ಎಷ್ಟು ಮೀನು ಬಿಡಬಹುದು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮಾಡಬಹುದು. ಆದರೆ ಒಂದೂವರೆ ಎರಡು ತಿಂಗಳು ಮಗಳನ್ನು ಸಮಾಧಾನ ಮಾಡುವ ಕೆಲಸ ನಿಮ್ಮದು. ಸಿಹಿನೀರಿನ ಟ್ಯಾಂಕಿಗೆ ನೀರು ತುಂಬಿದ ವಾರಕ್ಕೇ ಮೀನು ಬಿಟ್ಟು ಹೇಗೋ ದಾಟಿಸಿಬಿಡುತ್ತೇವೆ, ಅಲ್ವಾ? ಉಪ್ಪುನೀರಿನಲ್ಲಿ ಆ ಆಟ ನಡೆಯುವುದಿಲ್ಲ.

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ ಸುಮಾರು 180 ಲೀಟರ್ ಹಿಡಿಯುತ್ತದೆ. ಶುರು ಮಾಡುವವರಿಗೆ ಒಳ್ಳೆಯ ಅಳತೆ. ಚಿಕ್ಕ ಟ್ಯಾಂಕ್ ಸುಲಭ ಅಂತ ಅಂದುಕೊಳ್ಳುವವರೇ ಜಾಸ್ತಿ, ಆದರೆ ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. ಹಳೇ ಜಲ್ಲಿಕಲ್ಲು, ಪ್ಲಾಸ್ಟಿಕ್ ಗಿಡ ಎಲ್ಲ ತೆಗೆದುಬಿಡಿ. ಇನ್ನೊಂದು ವಿಷಯ ನೆನಪು ಮಾಡಿಕೊಳ್ಳಿ. ಹಿಂದೆ ಮೀನಿಗೆ ಹುಷಾರಿಲ್ಲದಾಗ ತಾಮ್ರ ಇರುವ ಔಷಧಿ ಹಾಕಿದ್ದಿರಾ? ಹಾಕಿದ್ದರೆ ಅದರ ಅಂಶ ಕಲ್ಲಿನಲ್ಲೂ ಗಾಜಿನ ಮೂಲೆಯ ಸಿಲಿಕಾನ್‌ನಲ್ಲೂ ಉಳಿದಿರಬಹುದು. ಮೀನು ತಡೆದುಕೊಂಡರೂ ಸಿಗಡಿ, ಬಸವನಹುಳು ತಡೆಯುವುದಿಲ್ಲ. ಇನ್ನು ಭಾರ: ನೀರು, ಗಾಜು, ಕಲ್ಲು ಸೇರಿ 200 ಕೆಜಿ ಮೇಲೆಯೇ. ಟೀವಿ ಸ್ಟ್ಯಾಂಡಿನ ಮೇಲೆ ಇಡಬೇಡಿ. ಕಬ್ಬಿಣದ ಸ್ಟ್ಯಾಂಡಾದರೆ ಚೆನ್ನಾಗಿ ಪೇಂಟ್ ಹೊಡೆಸಿ. ಉಪ್ಪುನೀರಿನ ಹನಿ ಬಿದ್ದ ಕಡೆಯೆಲ್ಲ ತುಕ್ಕು ಗ್ಯಾರಂಟಿ.

ತಳಕ್ಕೆ ಅರಗೊನೈಟ್ ಮರಳು (ಸುಣ್ಣದಂಶದ ಬಿಳಿ ಮರಳು), ಮೇಲೆ ತೂತುತೂತಿನ ಒಣ ಕಲ್ಲು ಜೋಡಿಸಿ, ಉಪ್ಪುನೀರು ತುಂಬಿ, ನೀರು ತಿರುಗಿಸುವ ಪವರ್‌ಹೆಡ್ ಹಾಕಿ. ಆಮೇಲೆ ಮಾರ್ಕೆಟ್ಟಿನಿಂದ ಒಂದೇ ಒಂದು ಹಸಿ ಸಿಗಡಿ ತಂದು ಒಳಗೆ ಬಿಡಿ. ತಮಾಷೆ ಅಲ್ಲ. ಅದು ಕೊಳೆತಂತೆ ಅಮೋನಿಯಾ ಬರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನ ಸಂದಿಗಳಲ್ಲಿ ಬೆಳೆದು, ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಮೂರನೆಯದು ಸ್ವಲ್ಪ ಇದ್ದರೆ ನಡೆಯುತ್ತದೆ.

ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಕೊಳ್ಳಿ. ಸಾಮಾನ್ಯವಾಗಿ ಸಿಗುವ ಕಿಟ್‌ನಲ್ಲಿ ಗಾಜಿನ ಕೊಳವೆಗೆ 5 ಮಿಲಿ ನೀರು ಹಾಕಿ ಹನಿ ಬಿಟ್ಟು ಕುಲುಕಬೇಕು. ಅಮೋನಿಯಾ ಇಲ್ಲದಿದ್ದರೆ ನೀರು ಹಳದಿಯಾಗೇ ಇರುತ್ತದೆ, ಇದ್ದರೆ ಹಸಿರಿಗೆ ತಿರುಗುತ್ತದೆ. ಮೊದಲ ವಾರಗಳಲ್ಲಿ ಹಸಿರು ದಟ್ಟವಾಗುತ್ತಾ ಹೋಗುತ್ತದೆ. ನೀರು ನೋಡಲು ಕನ್ನಡಿಯಷ್ಟು ತಿಳಿಯಾಗಿರುತ್ತದೆ, ಆದರೂ ವಿಷ! ಮೋಸ ಹೋಗುವುದು ಇಲ್ಲೇ. ನಾಲ್ಕರಿಂದ ಆರು ವಾರದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುತ್ತವೆ. ಬಂದು ಒಂದು ವಾರ ಹಾಗೇ ನಿಂತರೆ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿ.

ಕ್ಲೌನ್ ಎರಡು ತನ್ನಿ, ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು. ಇವು ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಂದೇ ಗಾತ್ರದ ಎರಡು ದೊಡ್ಡ ಮೀನು ತಂದರೆ ಯಜಮಾನಿಕೆಗೆ ಕಿತ್ತಾಡುತ್ತವೆ. ಸಮುದ್ರದಲ್ಲಿ ಕ್ಲೌನ್ ಆಸರೆ ಪಡೆಯುವ, ಹೂವಿನಂತೆ ಕಾಣುವ ಪ್ರಾಣಿ ಅನಿಮೋನಿ. ಅದಿಲ್ಲದೆಯೂ ಕ್ಲೌನ್ ಆರಾಮಾಗಿ ಬದುಕುತ್ತದೆ, ಹೊಸ ಟ್ಯಾಂಕಿಗೆ ಅನಿಮೋನಿ ಬೇಡವೇ ಬೇಡ. ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಇದೆಯಾ ಅಂತ ಕೇಳಿ. ಕೇರಳದ ವಿಳಿಂಜಂ ಮತ್ತು ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಇದರ ವಿಧಾನವನ್ನು ರೂಪಿಸಿವೆ. ಸಮುದ್ರದಿಂದ ಹಿಡಿದು ತಂದ ಮೀನಿಗಿಂತ ಇವು ಬೇಗ ಒಣ ಆಹಾರ ತಿನ್ನುತ್ತವೆ, ರೋಗವೂ ಕಡಿಮೆ.

ಮೂರು ನಾಲ್ಕು ವಾರ ಬಿಟ್ಟು ಒಂದು ಗೋಬಿ ಮೀನು, ಮತ್ತೆ ಕೆಲವು ವಾರ ಬಿಟ್ಟು ಒಂದು ಫೈರ್‌ಫಿಶ್. ಫೈರ್‌ಫಿಶ್ ನೀರಿನಿಂದ ಹೊರಗೆ ಹಾರುವ ಮೀನು, ಮೇಲೆ ಬಲೆ ಮುಚ್ಚಿ. ಒಟ್ಟು ನಾಲ್ಕೈದು ಚಿಕ್ಕ ಮೀನು ಸಾಕು. ಅಗ್ಗ ಅಂತ ನೀಲಿ ಡ್ಯಾಮ್ಸೆಲ್ ಕೊಡುತ್ತಾರೆ. ಅದು ಸಾಯುವುದಿಲ್ಲ ನಿಜ, ಉಳಿದವನ್ನು ಬದುಕಲೂ ಬಿಡುವುದಿಲ್ಲ. ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಬೆಳೆದರೆ ಒಂದು ಅಡಿ. ನಿಮ್ಮ ಟ್ಯಾಂಕಿಗಲ್ಲ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಮಂಗಳೂರಿಗೆ ಆಗಾಗ ಹೋಗುತ್ತಿರುತ್ತೇವೆ. ಕ್ಯಾನ್‌ನಲ್ಲಿ ಸಮುದ್ರದ ನೀರನ್ನೇ ತಂದರೆ ಆಗದಾ? ಉಪ್ಪಿನ ಪ್ಯಾಕೆಟ್ ಬಲು ದುಬಾರಿ.
– ಓದುಗರು, ಮಂಡ್ಯ

ಉತ್ತರ: ಬೇಡ. ದಡದ ನೀರು ಆಳಸಮುದ್ರದ ನೀರಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಅಳಿವೆಯಲ್ಲಿ ಬಂದು ಸೇರಿ ದಡದ ನೀರಿನ ಉಪ್ಪು ತಗ್ಗುತ್ತದೆ. ಬಂದರಿನ ಹತ್ತಿರ ದೋಣಿಗಳ ಡೀಸೆಲ್ ಬೇರೆ. ಘಾಟಿ ಹತ್ತಿ ಬರುವಷ್ಟರಲ್ಲಿ ಮುಚ್ಚಿದ ಕ್ಯಾನ್‌ನಲ್ಲಿ ಆ ನೀರಿನ ಸೂಕ್ಷ್ಮಜೀವಿಗಳು ಸತ್ತು ಕೊಳೆಯಲೂ ಶುರುವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಬೇಕು. 180 ಲೀಟರಿಗೆ ಆರು ಕೆಜಿ ಚಿಲ್ಲರೆ. ವಾರಕ್ಕೆ ಹತ್ತರಲ್ಲಿ ಒಂದು ಭಾಗ ಬದಲಿಸಿದರೆ ಮತ್ತೆ 600 ಗ್ರಾಂ ಚಿಲ್ಲರೆ. ಅಡುಗೆ ಉಪ್ಪು ಸುರಿಯಬೇಡಿ. ಅದರಲ್ಲಿ ಸಮುದ್ರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಪ್ರಮಾಣದಲ್ಲಿ ಇರುವುದಿಲ್ಲ.

ನಿಜವಾದ ತಲೆನೋವು ನಿಮ್ಮ ಬೋರ್‌ವೆಲ್. ಕಬ್ಬು, ಭತ್ತದ ಗದ್ದೆಗಳ ಪಕ್ಕದ ಬೋರ್ ಆದರೆ ಗಡಸಿನ ಜೊತೆ ಗೊಬ್ಬರದ ನೈಟ್ರೇಟೂ ಇರುವ ಸಾಧ್ಯತೆ ಜಾಸ್ತಿ. ಅದರಲ್ಲಿ ಉಪ್ಪು ಕರಗಿಸಿದರೆ ಗಾಜಿಗೆ ಪಾಚಿ ಹಿಡಿದೇ ಹಿಡಿಯುತ್ತದೆ. ಮನೆಯ ಆರ್‌ಓ ನೀರು ನಡೆಯುತ್ತದೆ, ಆದರೆ ಕುಡಿಯುವ ರುಚಿಗೆ ಅಂತ ಅದರಲ್ಲಿ ಸ್ವಲ್ಪ ಸೋಸದ ನೀರು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ತಿರುಪು ಇರುತ್ತದೆ. ಅಕ್ವೇರಿಯಂಗೆ ಹಿಡಿಯುವಾಗ ಅದನ್ನು ಪೂರ್ತಿ ಮುಚ್ಚಿಸಿ. ಮೈಸೂರಿನ ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದೂ ಆರ್‌ಓ ದಾಟಿಯೇ ಬರಲಿ.

ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಒಂದು ದಿನ ಪಂಪ್ ತಿರುಗಲಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದರೆ ಸರಿ. ಟ್ಯಾಂಕಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದುಬಿಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಗೆರೆಯಿಂದ ಕೆಳಗೆ ಇಳಿದಷ್ಟನ್ನು ಬರೀ ಆರ್‌ಓ ನೀರಿನಿಂದ ತುಂಬಿ. ಉಪ್ಪುನೀರು ಹಾಕಿದರೆ ದಿನಕ್ಕಿಷ್ಟು ಉಪ್ಪು ಏರುತ್ತಾ ಹೋಗುತ್ತದೆ.

ಪ್ರಶ್ನೆ: ಅಂಗಡಿಯವರೊಬ್ಬರು ‘ಲೈವ್ ರಾಕ್, ಕಡಲಕುದುರೆ, ಕೋರಲ್ ಎಲ್ಲ ತರಿಸಿಕೊಡ್ತೀನಿ’ ಅಂತಿದ್ದಾರೆ. ತಗೋಬಹುದಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಸುಮ್ನೆ ಕೈ ಮುಗಿದು ಬಂದುಬಿಡಿ. ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್, ಕಡಲಕುದುರೆ, ಸಮುದ್ರಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಹುಲಿ, ಆನೆ ಇರುವ ಪಟ್ಟಿಯಲ್ಲೇ. ಲೈವ್ ರಾಕ್ ಅಂದರೆ ಹವಳದ ದಿಬ್ಬದಿಂದ ಒಡೆದು ತಂದ ಕಲ್ಲು, ಹೆಚ್ಚಿನಂಶ ಹವಳದ ಅಸ್ಥಿಪಂಜರವೇ. ಸಿರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ತೂತುತೂತಿನ ಕಲ್ಲು ಸಿಗುತ್ತದೆ. ಕೆಲವು ತಿಂಗಳಲ್ಲಿ ಅದರ ಮೇಲೂ ನೇರಳೆ ಪಾಚಿ ಹತ್ತಿ ಗುರುತೇ ಸಿಗದಂತಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಹಾಲ್‌ನಲ್ಲಿ ಸೆಕೆಯೋ ಸೆಕೆ. ಕರೆಂಟೂ ಹೋಗುತ್ತಿರುತ್ತದೆ. ನೀರು ತಣ್ಣಗಿಡುವ ಚಿಲ್ಲರ್ ಕೊಳ್ಳಲೇಬೇಕಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೀನು ಮಾತ್ರ ಸಾಕುವುದಾದರೆ ಬೇಡ. ನೀರು 24ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ಅದು 30 ಮುಟ್ಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಏದುಸಿರು ಬಿಡುತ್ತವೆ. ಮುಚ್ಚಳದ ಬದಲು ಬಲೆ ಹಾಕಿ, ನೀರಿನ ಮೇಲ್ಮೈಗೆ ಗಾಳಿ ತಾಗುವ ಹಾಗೆ ಚಿಕ್ಕ ಫ್ಯಾನ್ ಇಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಬೇಗ ಆರುತ್ತದೆ, ದಿನಾ ಆರ್‌ಓ ನೀರು ತುಂಬಬೇಕು. ಡಿಸೆಂಬರ್ ಚಳಿಗೆ ಹೀಟರೂ ಬೇಕು, ಅದನ್ನು ಮರೆಯಬೇಡಿ.

ಕರೆಂಟ್ ಹೋದರೆ ಮೊದಲು ಕಾಡುವುದು ಗಾಳಿ. ಪವರ್‌ಹೆಡ್ ಒಂದನ್ನು ಇನ್ವರ್ಟರ್‌ಗೆ ಕೊಡಿ, ಹೀಟರ್ ಕೊಡಬೇಡಿ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಸಾಕು. ಆ ಹೊತ್ತಿನಲ್ಲಿ ಊಟ ಹಾಕಬೇಡಿ.

ಪ್ರಶ್ನೆ: ಹೊಸ ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ. ಎರಡು ದಿನದಲ್ಲಿ ತಾನಾಗೇ ಹೋಯಿತು. ವಾಸಿಯಾಯಿತು ಅಂದುಕೊಳ್ಳಬಹುದಾ?
– ಓದುಗರು, ಮದ್ದೂರು

ಉತ್ತರ: ಇಲ್ಲ. ಆ ಚುಕ್ಕೆ ಒಂದು ಪರಾವಲಂಬಿ ಜೀವಿಯದು. ಅದು ಮೀನಿನ ಮೈಯಿಂದ ಉದುರಿ ಮರಳಿಗೆ ಇಳಿದಿದೆ, ಅಷ್ಟೆ. ಅಲ್ಲಿ ಒಂದು ನೂರಾಗಿ ಮತ್ತೆ ಮೇಲೆ ಬರುತ್ತದೆ. ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಹಾಕಿ ಅಲ್ಲಿ ತಾಮ್ರದ ಔಷಧಿ ಕೊಡಿ, ಕಿಟ್‌ನಲ್ಲಿ ಅದರ ಅಳತೆ ನೋಡುತ್ತಲೇ ಇರಿ. ದೊಡ್ಡ ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಡಿ. ಸಿಗಡಿ, ಬಸವನಹುಳು ಅದರಲ್ಲೇ ಇರಲಿ, ಅವಕ್ಕೆ ಈ ರೋಗ ಅಂಟುವುದಿಲ್ಲ. ಮುಂದಿನ ಸಲ ಯಾವ ಮೀನು ತಂದರೂ ನಾಲ್ಕು ವಾರ ಆ ಚಿಕ್ಕ ತೊಟ್ಟಿಯಲ್ಲಿಟ್ಟು ಆಮೇಲೆ ಬಿಡಿ.